‘ಜಂಕೆಟ್’ ಅಂದಿದ್ದಕ್ಕೆ ಮ್ಯಾನೇಜರ್ ಯಾಕೆ ಮುಖ ಸಿಂಡರಿಸಿದರು?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಹೋದ ತಿಂಗಳು ಆಫೀಸಿನವರು ನಮ್ಮ ತಂಡವನ್ನು ಮೂರು ದಿನ ಸಿಂಗಪುರಕ್ಕೆ ಕಳಿಸಿದ್ದರು. ಬಂದ ಮೇಲೆ ಧನ್ಯವಾದ ಹೇಳಿ ಇಂಗ್ಲಿಷಿನಲ್ಲಿ ಒಂದು ಮೇಲ್ ಬರೆದೆ. ಟ್ರಿಪ್, ಟೂರ್ ಅಂತ ಎಲ್ಲರೂ ಬರೆಯುತ್ತಾರೆ, ನಂದು ಸ್ವಲ್ಪ ಬೇರೆ ಥರ ಇರಲಿ ಅಂತ ‘ಜಂಕೆಟ್’ ಎಂದು ಬರೆದೆ. ಡಿಕ್ಷನರಿಯಲ್ಲಿ ‘ಮೋಜಿನ ಸಣ್ಣ ಪ್ರವಾಸ’ ಅಂತಲೇ ಇತ್ತು. ಮ್ಯಾನೇಜರ್ ಕರೆದು, “ಇದನ್ನ ಮೇಲಿನವರಿಗೂ ಕಾಪಿ ಹಾಕಿದ್ದೀರಲ್ರೀ” ಅಂತ ಮುಖ ಸಿಂಡರಿಸಿದರು. ಅಂಥದ್ದೇನು ತಪ್ಪಾಯಿತು? ಅದೇ ಡಿಕ್ಷನರಿಯಲ್ಲಿ ಈ ಪದಕ್ಕೆ ‘ಹಾಲಿನ ಸಿಹಿತಿಂಡಿ’ ಅಂತಲೂ ಇದೆ. ಹಾಲಿಗೂ ಪ್ರವಾಸಕ್ಕೂ ಏನು ಸಂಬಂಧ? ಜಂಕ್ ಫುಡ್ಡಿನ ಜಂಕ್ ಇದೇನಾ? ಕನ್ನಡದಲ್ಲಿ ಇದಕ್ಕೆ ಏನನ್ನಬೇಕು?

ಉತ್ತರ: ನಿಮ್ಮ ಡಿಕ್ಷನರಿ ಸುಳ್ಳು ಹೇಳಿಲ್ಲ, ಅರ್ಧ ಹೇಳಿದೆ ಅಷ್ಟೇ. ಜಂಕೆಟ್ ಅಂದರೆ ಮೋಜಿನ ಪ್ರವಾಸ ಅನ್ನೋದು ನಿಜ. ಆದರೆ ಇವತ್ತಿನ ಇಂಗ್ಲಿಷಿನಲ್ಲಿ ಅದು ಬೇರೆಯವರ ದುಡ್ಡಿನಲ್ಲಿ ಮಾಡುವ ಮೋಜು. ಹೆಸರಿಗೆ ಒಂದು ಕೆಲಸ ಇರುತ್ತದೆ. ಅಲ್ಲಿಗೆ ಹೋದಮೇಲೆ ಆ ಕೆಲಸ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರುವುದಿಲ್ಲ. ಶಾಸಕರ ‘ಅಧ್ಯಯನ ಪ್ರವಾಸ’ವನ್ನು ಇಂಗ್ಲಿಷ್ ಪತ್ರಿಕೆಗಳು ಜಂಕೆಟ್ ಅಂತ ಕರೆದರೆ ಅದು ವರದಿಯಲ್ಲ, ಆರೋಪ. ನೀವು ಧನ್ಯವಾದ ಹೇಳಲು ಹೋಗಿ, ‘ಕಂಪನಿ ಖರ್ಚಿನಲ್ಲಿ ಸುಮ್ನೆ ಮಜಾ ಮಾಡಿ ಬಂದೆವು’ ಅಂತ ಲಿಖಿತ ಹೇಳಿಕೆ ಕೊಟ್ಟಿದ್ದೀರಿ. ಅದೂ ಮೇಲಿನವರಿಗೆ ಕಾಪಿ ಹಾಕಿ! ನಿಮ್ಮನ್ನು ಕಳಿಸಲು ಸಹಿ ಹಾಕಿದವರು ಮುಖ ಸಿಂಡರಿಸದೆ ಇನ್ನೇನು ಮಾಡುತ್ತಾರೆ?

ಈ ಆರೋಪ ಪದದೊಳಗೆ ಹೇಗೆ ಸೇರಿತು ಅನ್ನೋದೇ ಸ್ವಾರಸ್ಯ. ಯಾಕೆಂದರೆ ಜಂಕೆಟ್ ಹುಟ್ಟಿದಾಗ ಅದಕ್ಕೂ ಪ್ರಯಾಣಕ್ಕೂ ಸಂಬಂಧವೇ ಇರಲಿಲ್ಲ. ಅದು ಒಂದು ಬುಟ್ಟಿ.

ಲ್ಯಾಟಿನ್ ಭಾಷೆಯಲ್ಲಿ ‘ಯುಂಕುಸ್’ ಅಂದರೆ ನೀರಿನ ಅಂಚಿನಲ್ಲಿ ಬೆಳೆಯುವ ಜೊಂಡು. ಅದು ಫ್ರೆಂಚಿನಲ್ಲಿ ‘ಜೋಂಕ್’ ಆಯಿತು. ಜೊಂಡಿನಿಂದ ಹೆಣೆದ ಪುಟ್ಟ ಬುಟ್ಟಿಗೆ ಉತ್ತರ ಫ್ರಾನ್ಸಿನ ಆಡುಮಾತಿನಲ್ಲಿ ‘ಜೋಂಕೆಟ್’ ಅನ್ನುವಂಥ ಹೆಸರಿತ್ತು. ಆ ಉತ್ತರ ಫ್ರಾನ್ಸಿನ ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಕಡೆಯ ಅಡುಗೆಮನೆ ಪದಗಳು ರಾಶಿ ರಾಶಿಯಾಗಿ ಇಂಗ್ಲಿಷಿಗೆ ಬಂದವು. ಅವುಗಳ ಸಾಲಿನಲ್ಲಿ ಇದೂ ಒಂದು. 14ನೇ ಶತಮಾನದ ಕೊನೆಯಲ್ಲಿ ವಿಕ್ಲಿಫ್ ಮತ್ತು ಅವರ ಕಡೆಯವರು ಬೈಬಲನ್ನು ಇಂಗ್ಲಿಷಿಗೆ ತಂದರು. ಅದರಲ್ಲಿ ಹಸುಗೂಸು ಮೋಶೆಯನ್ನು ತಾಯಿ ನದಿಗೆ ಬಿಡುವ ಬುಟ್ಟಿಗೆ ಇದೇ ಪದ ಇದೆ. ಮೀನು ಹಿಡಿಯುವ, ಮೀನು ಹೊರುವ ಬುಟ್ಟಿಗೂ ಜಂಕೆಟ್ ಅನ್ನುತ್ತಿದ್ದರು.

ಇಲ್ಲೊಂದು ಎಚ್ಚರಿಕೆ. ನಮ್ಮ ‘ಜೊಂಡು’, ಅವರ ‘ಜೋಂಕ್’: ಎರಡೂ ಒಂದೇ ಥರದ ಗಿಡ, ಹೆಚ್ಚುಕಮ್ಮಿ ಒಂದೇ ಸದ್ದು. ಈ ಥರದ್ದು ಸಿಕ್ಕಿತು ಅಂದರೆ ಸಾಕು, ‘ನೋಡಿ, ಲ್ಯಾಟಿನ್ನಿಗೆ ಮೂಲ ಕನ್ನಡ’ ಅಂತ ಹೊರಡುವವರು ಇದ್ದಾರೆ. ದಯವಿಟ್ಟು ಬೇಡ. ಸದ್ದು ಹೊಂದಿದ ಮಾತ್ರಕ್ಕೆ ನಂಟು ಆಗುವುದಿಲ್ಲ. ಆ ಪದ ಇಲ್ಲಿಂದ ಅಲ್ಲಿಗೆ ಹೋದ ದಾರಿ ತೋರಿಸಬೇಕು. ಇಲ್ಲಿ ಅಂಥ ದಾರಿ ಇಲ್ಲ.

ಸರಿ, ಬುಟ್ಟಿ ಹಾಲಾಗಿದ್ದು ಹೇಗೆ? ಹಾಲು ಒಡೆಸಿ ಗಟ್ಟಿಯಾದ ಮೇಲೆ ಅದರ ನೀರು ಬಸಿಯಬೇಕಲ್ಲ. ಅದಕ್ಕೆ ಜೊಂಡಿನ ಬುಟ್ಟಿ, ಇಲ್ಲವೇ ಜೊಂಡಿನ ಚಾಪೆ ಸರಿಯಾದ ಸಾಧನ. ಕಡ್ಡಿಗಳ ಸಂದಿಯಿಂದ ನೀರು ಸೋರುತ್ತದೆ, ಗಟ್ಟಿ ಭಾಗ ಉಳಿಯುತ್ತದೆ. ಬುಟ್ಟಿಯಲ್ಲಿ ಉಳಿದ ಆ ಮೆತ್ತನೆಯ ಮುದ್ದೆಗೆ ಬುಟ್ಟಿಯ ಹೆಸರೇ ಅಂಟಿಕೊಂಡಿತು. ಇಟಲಿಯಲ್ಲಿ ಇವತ್ತಿಗೂ ‘ಜುಂಕಾತಾ’ ಅನ್ನುವ ಹಸಿ ಚೀಸ್ ಸಿಗುತ್ತದೆ. ಫ್ರಾನ್ಸಿನ ಪಶ್ಚಿಮ ಕರಾವಳಿಯ ಕಡೆ ‘ಜೋಂಶೆ’ ಅಂತ ಮಾರುತ್ತಾರೆ, ಜೊಂಡಿನಲ್ಲಿ ಸುತ್ತಿ ಕೊಡುತ್ತಾರೆ. ಎರಡೂ ನಮ್ಮ ಜಂಕೆಟ್ಟಿನ ಅಕ್ಕತಂಗಿಯರೇ.

ಪಾತ್ರೆಯ ಹೆಸರು ತಿಂಡಿಗೆ ಬರುವುದು ನಮಗೇನು ಹೊಸದಲ್ಲ. ಕರಾವಳಿಯವರನ್ನು ಕೇಳಿ. ಹಲಸಿನ ಎಲೆಯನ್ನು ಕಡ್ಡಿ ಚುಚ್ಚಿ ಕೊಟ್ಟೆ ಮಾಡಿ, ಅದರಲ್ಲಿ ಹಿಟ್ಟು ಹುಯ್ದು ಬೇಯಿಸಿದರೆ ಕೊಟ್ಟೆ ಕಡುಬು. ಕೇದಗೆ ಜಾತಿಯ ಎಲೆಯನ್ನು ಕೊಳವೆಯಂತೆ ಸುತ್ತಿ ಬೇಯಿಸಿದರೆ ಮೂಡೆ. ಹಿಟ್ಟು ಬಹುಮಟ್ಟಿಗೆ ಒಂದೇ, ಹೆಸರು ಮಾತ್ರ ಎಲೆಯ ಕಟ್ಟಿನದು. ಬಿಡದಿಯ ತಟ್ಟೆ ಇಡ್ಲಿಯೂ ಅದೇ ಸಾಲಿನದು. ಫ್ರೆಂಚಿನ ‘ಫ್ರೊಮಾಜ್’, ಇಟಾಲಿಯನ್ನಿನ ‘ಫೊರ್ಮಾಜೊ’ ಎರಡಕ್ಕೂ ಚೀಸ್ ಅಂತ ಅರ್ಥ, ಎರಡರ ಬೇರೂ ‘ಫೊರ್ಮಾ’, ಅಂದರೆ ಅಚ್ಚು. ಸ್ಪೇನಿನ ‘ಪಯೇಯಾ’ ಅನ್ನಕ್ಕೂ ಅದನ್ನು ಬೇಯಿಸುವ ಅಗಲ ಬಾಣಲೆಯದೇ ಹೆಸರು.

ಆಮೇಲೆ ಇಂಗ್ಲೆಂಡಿನಲ್ಲಿ, ಅದರಲ್ಲೂ ಡೆವನ್ ಕಡೆ, ಜಂಕೆಟ್ ಅಂದರೆ ಬುಟ್ಟಿಯೇ ಬೇಡದ ಒಂದು ಸಿಹಿ ಆಯಿತು. ಹಾಲನ್ನು ಮೈ ಬಿಸಿಯಷ್ಟು, ಸುಮಾರು 37 ಡಿಗ್ರಿ ಸೆಲ್ಸಿಯಸ್, ಬೆಚ್ಚಗೆ ಮಾಡುತ್ತಾರೆ. ಸಕ್ಕರೆ, ಇಷ್ಟವಿದ್ದವರು ಒಂದಿಷ್ಟು ಬ್ರಾಂಡಿ. ಆಮೇಲೆ ರೆನೆಟ್ಟಿನ ಕೆಲವು ಹನಿ. ರೆನೆಟ್ ಅಂದರೆ ಎಳೆಗರುವಿನ ನಾಲ್ಕನೇ ಹೊಟ್ಟೆಯಿಂದ ತೆಗೆಯುತ್ತಿದ್ದ ದ್ರವ. ಕರು ಕುಡಿದ ಹಾಲನ್ನು ಅದರ ಹೊಟ್ಟೆಯೊಳಗೆ ಗಟ್ಟಿ ಮಾಡುವುದೇ ಇದರ ಕೆಲಸ. ಹೊರಗಿನ ಹಾಲಿಗೆ ಹಾಕಿದರೂ ಅದನ್ನೇ ಮಾಡುತ್ತದೆ: ಹಾಲಿನ ಕೇಸೀನ್ ಎಂಬ ಪ್ರೋಟೀನು ಒಂದಕ್ಕೊಂದು ಹಿಡಿದುಕೊಂಡು, ಅಲುಗಾಡಿಸದೆ ಬಿಟ್ಟರೆ ಬಟ್ಟಲು ಪೂರ್ತಿ ನಡುಗುವ ಗಿಣ್ಣಿನ ಹಾಗೆ ನಿಲ್ಲುತ್ತದೆ. ಮೇಲೆ ಜಾಯಿಕಾಯಿ ಪುಡಿ, ದಪ್ಪ ಕೆನೆ. ಈಗ ಸೂಕ್ಷ್ಮಜೀವಿಗಳಿಂದ ಮಾಡಿದ ರೆನೆಟ್ಟೂ ಸಿಗುತ್ತದೆ.

ಗಿಣ್ಣಿನ ಹಾಗೆ ಅಂದೆ, ಗಿಣ್ಣು ಅನ್ನಲಿಲ್ಲ. ನಮ್ಮ ಗಿಣ್ಣು ಈದ ಹಸುವಿನ ಮೊದಲ ಹಾಲಿನಿಂದ. ಅದರಲ್ಲಿ ಪ್ರೋಟೀನು ಎಷ್ಟು ಜಾಸ್ತಿ ಅಂದರೆ ಬಿಸಿ ತಾಗಿದರೆ ಸಾಕು, ತಾನಾಗೇ ಗಟ್ಟಿಯಾಗುತ್ತದೆ. ಜಂಕೆಟ್ ಮಾಮೂಲಿ ಹಾಲು, ಅದಕ್ಕೆ ಹೊರಗಿನ ಸಹಾಯ ಬೇಕು. ನಾನೊಮ್ಮೆ ಹುಮ್ಮಸ್ಸಿನಿಂದ ಮನೆಯಲ್ಲಿ ಮಾಡಲು ಹೋಗಿದ್ದೆ. ನಮ್ಮ ಅಭ್ಯಾಸ ಗೊತ್ತಲ್ಲ, ಹಾಲು ಮನೆಗೆ ಬಂದ ತಕ್ಷಣ ಉಕ್ಕಿಸಬೇಕು. ಚೆನ್ನಾಗಿ ಕುದಿಸಿದ ಹಾಲು ರೆನೆಟ್ಟಿಗೆ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಕೊನೆಗೆ ಆ ಹಾಲಿಗೆ ಶ್ಯಾವಿಗೆ ಹಾಕಿ ಪಾಯಸ ಮಾಡಿದೆವು.

19ನೇ ಶತಮಾನದಲ್ಲಿ ಕ್ರಿಶ್ಚಿಯನ್ ಹಾನ್ಸೆನ್ ಎಂಬ ಡೆನ್ಮಾರ್ಕಿನ ಔಷಧ ತಜ್ಞರು ರೆನೆಟ್ಟನ್ನು ಒಂದೇ ಹದದಲ್ಲಿ ತಯಾರಿಸಿ ಮಾರುವ ದಾರಿ ಕಂಡುಹಿಡಿದರು. 1874ರಲ್ಲಿ ಕಂಪನಿ ಶುರು ಮಾಡಿದರು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಿಟಲ್ ಫಾಲ್ಸ್‌ನಲ್ಲಿದ್ದ ಅವರ ಶಾಖೆಯಿಂದ ‘ಜಂಕೆಟ್’ ಹೆಸರಿನ ಮಾತ್ರೆಗಳು ಬಂದವು. ಹಾಗಾಗಿ ಅಮೆರಿಕದ ಹಳೆ ತಲೆಮಾರಿನವರಿಗೆ ಜಂಕೆಟ್ ಅಂದರೆ ಬಾಲ್ಯದ ಒಂದು ಡಬ್ಬಿಯ ನೆನಪು. ಅದೇ ಅಮೆರಿಕದಲ್ಲಿ ಅದೇ ಪದ ರಾಜಕಾರಣಿಗಳ ಮೇಲಿನ ಬೈಗುಳವೂ ಆಯಿತು. ಅಲ್ಲಿಗೆ ಬರುತ್ತೇನೆ.

ತಿಂಡಿಯಿಂದ ಮುಂದಿನ ಹೆಜ್ಜೆ ಸುಲಭ. 16ನೇ ಶತಮಾನದ ಹೊತ್ತಿಗೆ ಜಂಕೆಟ್ ಹಾಲಿನದೇ ಆಗಬೇಕಿರಲಿಲ್ಲ, ಯಾವ ರುಚಿರುಚಿ ಸಿಹಿಯಾದರೂ ಆಗಬಹುದಿತ್ತು. ಶೇಕ್ಸ್‌ಪಿಯರ್‌ನ ‘ದ ಟೇಮಿಂಗ್ ಆಫ್ ದ ಶ್ರೂ’ ನಾಟಕದಲ್ಲಿ ಮದುವೆ ಊಟಕ್ಕೆ ಮೊದಲೇ ಮದುಮಗ ಮದುಮಗಳನ್ನು ಎಳೆದುಕೊಂಡು ಹೊರಟುಬಿಡುತ್ತಾನೆ. ಹುಡುಗಿಯ ಅಪ್ಪ ನೆಂಟರ ಮುಂದೆ ಮರ್ಯಾದೆ ಉಳಿಸಿಕೊಳ್ಳಬೇಕು. ಮದುಮಕ್ಕಳು ಇಲ್ಲದಿದ್ದರೇನು, ಜಂಕೆಟ್‌ಗಳಿಗೇನೂ ಕೊರತೆ ಇಲ್ಲ ಬನ್ನಿ, ಅನ್ನುತ್ತಾನೆ. ಇಲ್ಲಿ ಜಂಕೆಟ್ ಅಂದರೆ ಎಲೆಯ ಮೇಲೆ ಬೀಳುವ ಭಕ್ಷ್ಯಗಳು. ಮಿಲ್ಟನ್‌ನ ಒಂದು ಪದ್ಯದಲ್ಲಿ ಹಳ್ಳಿಯ ಜನ ಸಂಜೆ ಕೂತು, ಮ್ಯಾಬ್ ಎಂಬ ಯಕ್ಷಿಣಿ ಜಂಕೆಟ್ ತಿಂದು ಹೋದ ಕತೆ ಹೇಳಿಕೊಳ್ಳುತ್ತಾರೆ. ನಮ್ಮಲ್ಲಿ ಬೆಕ್ಕಿನ ಮೇಲೆ ಹಾಕುವ ತಪ್ಪನ್ನು ಅವರು ಯಕ್ಷಿಣಿಯ ಮೇಲೆ ಹಾಕುತ್ತಿದ್ದರೋ ಏನೋ.

ತಿನ್ನುವ ವಸ್ತುವಿನಿಂದ ತಿನ್ನುವ ಸಂದರ್ಭಕ್ಕೆ ಪದ ಜಾರಿತು. 16ನೇ ಶತಮಾನದಲ್ಲೇ ಜಂಕೆಟ್ ಅಂದರೆ ಔತಣ ಅನ್ನುವ ಅರ್ಥವೂ ಬಂತು, ‘ಜಂಕೆಟ್ ಮಾಡು’ ಅಂತ ಕ್ರಿಯಾಪದವೂ ಆಯಿತು. ಅಂದರೆ ಎಲ್ಲರೂ ಸೇರಿ ತಿಂದು ಕುಡಿದು ಗದ್ದಲ ಮಾಡು. ‘ಊಟ’ ಅನ್ನೋದು ತಟ್ಟೆಯಲ್ಲಿ ಇರುವುದೂ ಹೌದು, ‘ನಾಡಿದ್ದು ಅವರ ಮನೆಯಲ್ಲಿ ಊಟ’ ಅಂದಾಗ ಕಾರ್ಯಕ್ರಮವೂ ಹೌದು ತಾನೆ? ಹಾಗೆ.

ಈ ಔತಣ ಮನೆಯಿಂದ ಹೊರಗೆ ನಡೆಯತೊಡಗಿದಾಗ ಪದವೂ ಹೊಸಿಲು ದಾಟಿತು. ಬುತ್ತಿ ಕಟ್ಟಿಕೊಂಡು ಗಾಡಿ ಹತ್ತಿ, ನದಿ ದಂಡೆಗೋ ತೋಪಿಗೋ ಹೋಗಿ ತಿಂದು ಬರುವುದು. 19ನೇ ಶತಮಾನದ ಶುರುವಿನಲ್ಲಿ ಜಂಕೆಟ್ಟಿಗೆ ಮೋಜಿನ ಪ್ರವಾಸ ಎಂಬ ಅರ್ಥ ಕಾಣಿಸಿಕೊಳ್ಳುತ್ತದೆ. ಪಿಕ್ನಿಕ್ ಪದವೂ ಹೆಚ್ಚುಕಮ್ಮಿ ಇದೇ ಕಾಲದಲ್ಲಿ ಇದೇ ದಾರಿ ಹಿಡಿಯಿತು. ಫ್ರಾನ್ಸಿನಲ್ಲಿ ಅದು ಎಲ್ಲರೂ ತಮ್ಮ ತಮ್ಮ ಪಾಲು ಹಾಕಿ ಉಣ್ಣುವ ಊಟ, ಒಳಗೇ ಕೂತು. ಇಂಗ್ಲೆಂಡಿನಲ್ಲಿ ಅದು ಹುಲ್ಲಿನ ಮೇಲಿನ ಊಟವಾಯಿತು. ಒಂದು ಫರಕು ಗಮನಿಸಿ. ಪಿಕ್ನಿಕ್ಕಿನಲ್ಲಿ ಪ್ರತಿಯೊಬ್ಬರೂ ತಮ್ಮ ಪಾಲು ಕೊಡುತ್ತಾರೆ. ಔತಣದಲ್ಲಿ ಕೊಡುವವನು ಒಬ್ಬ, ತಿನ್ನುವವರು ಹತ್ತು ಜನ. ಜಂಕೆಟ್ ಔತಣದ ಮನೆಯಿಂದ ಬಂದ ಪದ. ಹಾಗಾಗಿ ‘ಬಿಲ್ ಯಾರು ಕೊಟ್ಟರು?’ ಎಂಬ ಪ್ರಶ್ನೆ ಅದರ ಬೆನ್ನಿಗೇ ಬಂತು ಅನ್ನೋದು ನನ್ನ ಅನಿಸಿಕೆ.

ಆ ಪ್ರಶ್ನೆಯನ್ನು ಜೋರಾಗಿ ಕೇಳಿದವರು ಅಮೆರಿಕದ ಪತ್ರಿಕೆಗಳು, 19ನೇ ಶತಮಾನದ ಎರಡನೇ ಅರ್ಧದಲ್ಲಿ. ಜನಪ್ರತಿನಿಧಿಗಳ ಸಮಿತಿಗಳು ‘ಪರಿಶೀಲನೆ’ಗೆ ಅಂತ ರೈಲು ಹತ್ತಿ ದೂರದ ಊರಿಗೆ ಹೋಗುತ್ತಿದ್ದವು. ಹೋದಲ್ಲಿ ಒಳ್ಳೆ ಹೋಟೆಲು, ಒಳ್ಳೆ ಊಟ. ಪತ್ರಿಕೆಯವರು ಅದಕ್ಕೆ ಜಂಕೆಟ್ ಅಂದರು. ಅಲ್ಲಿಂದ ಪದದ ರುಚಿ ಹುಳಿಯಾಯಿತು, ಮತ್ತೆ ಸಿಹಿಯಾಗಲಿಲ್ಲ. ನಮ್ಮ ಕಡೆಯ ಇಂಗ್ಲಿಷ್ ಪತ್ರಿಕೆಗಳು ಎತ್ತಿಕೊಂಡಿದ್ದು ಈ ಹುಳಿ ಅರ್ಥವನ್ನೇ. ಬರಗಾಲದಲ್ಲಿ ಶಾಸಕರು ವಿದೇಶಕ್ಕೆ ಹೊರಟರು ಅನ್ನಿ, ಮರುದಿನ ತಲೆಬರಹದಲ್ಲಿ ಜಂಕೆಟ್ ಇದ್ದೇ ಇರುತ್ತದೆ.

ಇದಕ್ಕೆ ಎರಡು ಹೊರತು ಇವೆ. ಸಿನಿಮಾ ಮಂದಿ ಹೇಳುವ ‘ಪ್ರೆಸ್ ಜಂಕೆಟ್’ ಒಂದು. ಹೋಟೆಲಿನ ಕೋಣೆಯೊಂದರಲ್ಲಿ ನಟ ಕೂತಿರುತ್ತಾನೆ. ಪತ್ರಕರ್ತರು ಒಬ್ಬರಾದ ಮೇಲೊಬ್ಬರು ಒಳಗೆ ಹೋಗಿ, ಹತ್ತು ನಿಮಿಷ ಅದೇ ಪ್ರಶ್ನೆ ಕೇಳಿ ಬರುತ್ತಾರೆ. ಪತ್ರಕರ್ತರ ಪ್ರಯಾಣ, ಊಟ ಎಷ್ಟೋ ಸಲ ನಿರ್ಮಾಪಕರದೇ. ಅಲ್ಲಿ ಇದು ಬೈಗುಳಕ್ಕಿಂತ ಕಸುಬಿನ ಪದ, ಆದರೂ ಒಂದು ಓರೆನಗೆ ಉಳಿದುಕೊಂಡಿದೆ. ಇನ್ನೊಂದು ಕ್ಯಾಸಿನೊ ಲೋಕದ್ದು. ಭಾರಿ ಮೊತ್ತದಲ್ಲಿ ಆಡುವವರಿಗೆ ಟಿಕೆಟ್, ರೂಮು, ಊಟ ಎಲ್ಲ ಪುಕ್ಕಟೆ ಕೊಟ್ಟು ಕರೆತರುವುದು ಜಂಕೆಟ್. ಕರೆತರುವ ದಲ್ಲಾಳಿಗಳು ಜಂಕೆಟ್ ಆಪರೇಟರ್‌ಗಳು. ಚೀನಾದ ಜೂಜಿನ ನಗರ ಮಕಾವ್‌ನಲ್ಲಿ ಇದು ದೊಡ್ಡ ಉದ್ಯಮವಾಗಿತ್ತು. ಅಲ್ಲಿನ ಸನ್‌ಸಿಟಿ ಕಂಪನಿಯ ಆಲ್ವಿನ್ ಚೌ ಅವರಿಗೆ 2023ರ ಜನವರಿಯಲ್ಲಿ 18 ವರ್ಷ ಶಿಕ್ಷೆಯಾಗಿದ್ದು ಇದೇ ವ್ಯವಹಾರದ ಬೆನ್ನು ಹತ್ತಿ.

ಇನ್ನು ಜಂಕ್ ಫುಡ್. ಜಂಕ್ ಹಡಗಿನವರ ಪದ. ಮೊದಲು ಹಳೆ ಹಗ್ಗದ ತುಂಡುಗಳಿಗೆ ಹೇಳುತ್ತಿದ್ದರು, ಆಮೇಲೆ ಎಲ್ಲ ಗುಜರಿಗೂ. ಹಗ್ಗವನ್ನೂ ಜೊಂಡಿನಿಂದ ಹೊಸೆಯುತ್ತಾರಲ್ಲ ಅಂತ ಇದನ್ನೂ ‘ಯುಂಕುಸ್’ಗೆ ಗಂಟು ಹಾಕಿದವರಿದ್ದಾರೆ. ಅದು ಊಹೆ, ಸಾಬೀತಾಗಿಲ್ಲ. ಚೀನಾ ಸಮುದ್ರದ ‘ಜಂಕ್’ ಹಡಗು ಬೇರೆಯೇ, ಅದು ಜಾವಾ-ಮಲಯ ಕಡೆಯಿಂದ ಬಂದದ್ದು. ಖಂಡಿತ ನಂಟಿರುವುದು ‘ಜೊಂಕ್ವಿಲ್’ ಎಂಬ ಹಳದಿ ಹೂವಿಗೆ. ಅದರ ಎಲೆ ಜೊಂಡಿನಂತೆ ಸಪೂರ, ಅದಕ್ಕೆ ಆ ಹೆಸರು.

ನೀವು ಜಂಕೆಟ್ ಬದಲು ‘ಜಾಂಟ್’ ಬರೆದಿದ್ದರೆ ಬಚಾವಾಗುತ್ತಿದ್ದಿರಿ. ಅದರದ್ದು ತಿರುವುಮುರುವಾದ ಕತೆ. 16ನೇ ಶತಮಾನದಲ್ಲಿ ಜಾಂಟ್ ಅಂದರೆ ಕುದುರೆಯನ್ನು ಅತ್ತಿತ್ತ ಓಡಿಸಿ ಸುಸ್ತು ಮಾಡುವುದು. ‘ರೋಮಿಯೊ ಅಂಡ್ ಜೂಲಿಯೆಟ್’ನಲ್ಲಿ ರೋಮಿಯೊನನ್ನು ಹುಡುಕಿ ಅಲೆದು ಬಂದ ದಾದಿ, ಅಯ್ಯೋ ನನ್ನ ಮೂಳೆಯೇ, ಎಂಥ ಜಾಂಟ್ ಆಯಿತು ಅಂತ ನರಳುತ್ತಾಳೆ. ಹಲವು ಆವೃತ್ತಿಗಳಲ್ಲಿ ಇರುವುದು ಈ ಪದವೇ. ಸುಸ್ತಿನ ಅಲೆದಾಟ ನೂರು ವರ್ಷದೊಳಗೆ ಸುಖದ ಸುತ್ತಾಟವಾಯಿತು. ‘ಟ್ರಿಪ್’ ಮೊದಲು ಹಗುರ ಹೆಜ್ಜೆಯ ಕುಣಿತ, ಆಮೇಲೆ ಎಡವುವುದು, ಆಮೇಲೆ ನಾವಿಕರ ಬಾಯಲ್ಲಿ ಸಣ್ಣ ಯಾನ. ಕನ್ನಡದಲ್ಲಂತೂ ಅದು ನಮ್ಮದೇ ಆಗಿಬಿಟ್ಟಿದೆ. ಮನೆ ಕಟ್ಟುವವನಿಗೆ ಎರಡು ಟ್ರಿಪ್ ಜಲ್ಲಿ, ಲೈನ್‌ಮನ್‌ಗೆ ಟ್ರಿಪ್ ಆದ ಫೀಡರ್, ಕಾಲೇಜು ಹುಡುಗರಿಗೆ ಗೋಕರ್ಣ. ಬ್ರಿಟನ್ನಿನವರು ಆಫೀಸು ಖರ್ಚಿನ ಮೋಜಿಗೆ ‘ಎ ಜಾಲಿ’ ಅಂತಲೂ ಅನ್ನುತ್ತಾರೆ. ಜಂಕೆಟ್ಟಿನಷ್ಟು ವಿಷ ಇಲ್ಲ, ಆದರೂ ಮ್ಯಾನೇಜರ್‌ಗೆ ಬರೆಯುವ ಪದವಲ್ಲ. ನಮ್ಮ ‘ಜಾಲಿ ಟ್ರಿಪ್’ನಲ್ಲಿ ಆ ಚುಚ್ಚು ಕೂಡ ಇಲ್ಲ. ಕನ್ನಡದಲ್ಲಿ ಮುಳ್ಳಿರುವುದು ಜಾಲಿ ಮರಕ್ಕೆ ಮಾತ್ರ.

ಕೊನೆಗೆ, ಕನ್ನಡದಲ್ಲಿ ಏನನ್ನಬೇಕು? ‘ಮೋಜಿನ ಪ್ರವಾಸ’ ಸಾಲದು. ನಿಮ್ಮ ದುಡ್ಡಿನಲ್ಲಿ ನೀವು ಕೊಡಗಿಗೆ ಹೋದರೂ ಅದು ಮೋಜಿನ ಪ್ರವಾಸವೇ. ‘ಬಿಟ್ಟಿ ಟೂರು’ ಹತ್ತಿರ ಬರುತ್ತದೆ. ಅನುವಾದ ಮಾಡುವಾಗ ನಾನು ಸಂದರ್ಭ ನೋಡಿ ‘ಸರ್ಕಾರಿ ಖರ್ಚಿನ ಮೋಜು’ ಅಂತ ಬಿಡಿಸಿ ಬರೆಯುತ್ತೇನೆ. ಆದರೆ ಪದಕ್ಕೆ ಪದ ಬೇಡ, ಭಾವ ಬೇಕು ಅಂದರೆ ನಮ್ಮಲ್ಲಿ ಒಂದು ಗಾದೆ ಸಿದ್ಧವಾಗಿದೆ: ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಪ್ರಯಾಣ ಇದೆ, ಊಟದ ಗಮ್ಮತ್ತಿದೆ, ದುಡ್ಡು ಯಾರದು ಅಂತ ಬೆರಳು ತೋರಿಸುವುದೂ ಇದೆ. ಸವದತ್ತಿಯ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವ ಭಕ್ತರು ಅಲ್ಲಿ ಅಡುಗೆ ಮಾಡಿ ಪಡ್ಡಲಗಿ ತುಂಬಿಸುತ್ತಾರಲ್ಲ, ಆ ಪಡ್ಡಲಗಿಯೂ ಬುಟ್ಟಿಯೇ. ಅವರು ಮಾತ್ರ ತಮ್ಮ ದುಡ್ಡಿನಲ್ಲೇ ಹೋಗುವವರು, ಗಾದೆ ಅವರ ಮೇಲಲ್ಲ.

ನಿಮ್ಮ ಮೇಲ್ ವಿಷಯಕ್ಕೆ ಬಂದರೆ, ಇನ್ನೊಂದು ಮೇಲ್ ಬರೆದು ವಿವರಿಸಲು ಹೋಗಬೇಡಿ, ಗಾಯ ದೊಡ್ಡದಾಗುತ್ತದೆ. ಮ್ಯಾನೇಜರ್ ಹತ್ತಿರ ಬಾಯಲ್ಲೇ ಹೇಳಿ, ‘ಪದ ಗೊತ್ತಿರಲಿಲ್ಲ ಸರ್’ ಅಂತ. ಮುಂದಿನ ಸಲ ನಿಮ್ಮ ಆಫೀಸಿನಲ್ಲಿ ಎಲ್ಲರೂ ಅನ್ನುವ ಹಾಗೆ ‘ಟೀಮ್ ಔಟಿಂಗ್’ ಅನ್ನಿ, ಮೀಟಿಂಗು ಗೀಟಿಂಗು ನಡೆದಿದ್ದರೆ ‘ಆಫ್‌ಸೈಟ್’ ಅನ್ನಿ. ಮತ್ತೆ, ಮುಂದಿನ ಸಲ ಅಂತ ಒಂದು ಇದ್ದರೆ, ಸಿಂಗಪುರದಲ್ಲಿ ಏನು ಕೆಲಸ ಮಾಡಿದಿರಿ ಅಂತ ಎರಡು ಸಾಲು ಮೊದಲೇ ಬರೆದುಬಿಡಿ. ಊಟದ ಫೋಟೊ ಆಮೇಲೆ.